ಪೆರುವಿನ ಲಂಚದ ಲೆಕ್ಕ

ಸರ್ವಾಧಿಕಾರಿ ಯಾರಿಗೆ ಹೆದರುತ್ತಾನೆ ಎಂಬುದು ಸಂವಿಧಾನದ ವಿಧಿಗಳನ್ನು ಓದಿದರೆ ಗೊತ್ತಾಗುವುದಿಲ್ಲ, ಯಾರಿಗೆ ಎಷ್ಟು ದುಡ್ಡು ಕೊಟ್ಟ ಎಂದು ನೋಡಬೇಕು. ರಾಜ್ಯಶಾಸ್ತ್ರದ ಓದಿನಲ್ಲಿ ನನಗೆ ಇದನ್ನು ಕಲಿಸಿದ್ದು ಪೆರು. ಆಲ್ಬರ್ಟೊ ಫುಜಿಮೋರಿ 1990ರಲ್ಲಿ ಚುನಾವಣೆ ಗೆದ್ದೇ ಅಧ್ಯಕ್ಷರಾದವರು. 1992ರ ಏಪ್ರಿಲ್ 5ರಂದು ಸೇನೆಯ ಬೆಂಬಲದಿಂದ ಸಂಸತ್ತನ್ನು ಮುಚ್ಚಿಸಿದರು. ಹೊರದೇಶಗಳ ಒತ್ತಡ ಬಂದಾಗ ಮತ್ತೆ ಚುನಾವಣೆ ನಡೆಸಿ, ಹೊಸ ಸಂವಿಧಾನವನ್ನೂ ತಂದರು. ಆಮೇಲೆ ಸಂಸತ್ತು, ನ್ಯಾಯಾಲಯ, ವಿರೋಧ ಪಕ್ಷ ಎಲ್ಲವೂ ಇದ್ದವು. ರಾಜ್ಯಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ಸ್ಕಿ, ಲುಕನ್ ವೇ 2002ರಲ್ಲಿ ‘ಸ್ಪರ್ಧಾತ್ಮಕ ಸರ್ವಾಧಿಕಾರ’ ಎಂದು ಹೆಸರಿಟ್ಟದ್ದು ಇಂಥ ಆಡಳಿತಗಳಿಗೇ.

ಫುಜಿಮೋರಿಯ ಗುಪ್ತಚರ ವ್ಯವಸ್ಥೆ ನಡೆಸುತ್ತಿದ್ದ ವ್ಲಾಡಿಮಿರೊ ಮೊಂಟೆಸಿನೋಸ್ ಲಂಚ ಕೊಟ್ಟು ರಸೀದಿ ಬರೆಸಿಕೊಳ್ಳುತ್ತಿದ್ದ, ವಿಡಿಯೊ ತೆಗೆಸಿಡುತ್ತಿದ್ದ. (ಸಂಶೋಧಕರಿಗೆ ಇಷ್ಟು ಶಿಸ್ತಿನ ಭ್ರಷ್ಟ ಇನ್ನೊಬ್ಬ ಸಿಗಲಾರ.) ಜಾನ್ ಮೆಕ್‌ಮಿಲನ್, ಪಾಬ್ಲೊ ಜೊಯಿಡೊ ಆ ದಾಖಲೆಗಳನ್ನು ಜಾಲಾಡಿ 2004ರಲ್ಲಿ ತೋರಿಸಿದಂತೆ, ಟಿವಿ ಮಾಲೀಕನಿಗೆ ಸಂದ ಲಂಚ ನ್ಯಾಯಾಧೀಶರಿಗೋ ರಾಜಕಾರಣಿಗೋ ಸಂದದ್ದರ ಸುಮಾರು ನೂರು ಪಟ್ಟು. ಒಂದು ವಾಹಿನಿಗಂತೂ ತಿಂಗಳಿಗೆ 15 ಲಕ್ಷ ಡಾಲರ್. ಕಾರಣ ಸರಳ. ಸಂಸತ್ತಿನಲ್ಲಿ ಬಹುಮತ ಸಿಕ್ಕರೆ ಸಾಕು. ಒಬ್ಬ ಸದಸ್ಯ ಒಲ್ಲೆ ಎಂದರೆ ಪಕ್ಕದವನನ್ನು ಹಿಡಿಯಬಹುದು. ಟಿವಿಯಲ್ಲಿ ಹಾಗಾಗದು. ಒಂದೇ ವಾಹಿನಿ ಬಾಯಿಬಿಟ್ಟರೂ ಉಳಿದವರಿಗೆ ಸುರಿದದ್ದೆಲ್ಲ ನೀರುಪಾಲು. ಹಾಗಾಗಿ ಪ್ರತಿಯೊಬ್ಬ ಮಾಲೀಕನೂ ದೊಡ್ಡ ಮೊತ್ತ ಕೇಳಬಹುದಿತ್ತು.

ನ್ಯಾಯಾಲಯವನ್ನು ಮೊದಲೇ ಬೆದರಿಸಿ ಬಗ್ಗಿಸಿದ್ದರಿಂದ ಅದು ಅಗ್ಗವಾಯಿತು ಎಂದು ಆಕ್ಷೇಪಿಸಬಹುದು. ಇದರಲ್ಲಿ ಹುರುಳಿದೆ: ಫುಜಿಮೋರಿಯ ಮೂರನೇ ಅವಧಿಗೆ ಅಡ್ಡಬಂದ ಸಾಂವಿಧಾನಿಕ ನ್ಯಾಯಮಂಡಳಿಯ ಮೂವರನ್ನು 1997ರಲ್ಲಿ ವಜಾ ಮಾಡಲಾಗಿತ್ತು. ಆದರೆ ಬಲಪ್ರಯೋಗ ಟಿವಿಯ ಮೇಲೂ ನಡೆದಿತ್ತು. ಅದೇ ವರ್ಷ ಬರೂಕ್ ಇವ್ಚೆರ್ ಎಂಬ ವಾಹಿನಿ ಮಾಲೀಕರ ಪೌರತ್ವವನ್ನೇ ಕಿತ್ತುಕೊಂಡರು. ಆಮೇಲೂ ಟಿವಿಯ ದರ ಇಳಿಯಲಿಲ್ಲ. ಕೊಳ್ಳದೆ ಬಿಟ್ಟ ಕೆನಾಲ್ ಎನ್ ಎಂಬ ಚಿಕ್ಕ ಕೇಬಲ್ ವಾಹಿನಿಯೇ 2000ದ ಸೆಪ್ಟೆಂಬರ್ 14ರಂದು ಒಂದು ವಿಡಿಯೊ ಬಿತ್ತರಿಸಿತು: ಮೊಂಟೆಸಿನೋಸ್ ಸಂಸದ ಆಲ್ಬರ್ಟೊ ಕೌರಿಗೆ 15,000 ಡಾಲರ್ ಎಣಿಸಿ ಕೊಡುವ ದೃಶ್ಯ. ನವೆಂಬರ್‌ನಲ್ಲಿ ಫುಜಿಮೋರಿ ಜಪಾನಿನಿಂದ ಫ್ಯಾಕ್ಸ್ ಮೂಲಕ ರಾಜೀನಾಮೆ ಕಳಿಸಿದರು. ಹಾಗಾದರೆ ಚುನಾವಣೆಗಳೆಲ್ಲ ಬರೀ ನಾಟಕವಾಗಿದ್ದವೇ? ಅದನ್ನು ನಾನು ಒಪ್ಪುವುದಿಲ್ಲ. ಕೌರಿ ವಿರೋಧ ಪಕ್ಷದ ಟಿಕೆಟ್ಟಿನಲ್ಲಿ ಗೆದ್ದವನು. ಅವನನ್ನು ಕೊಳ್ಳಬೇಕಾಗಿ ಬಂದದ್ದು, ಅಷ್ಟೆಲ್ಲ ಟಿವಿ ಕೈಯಲ್ಲಿದ್ದೂ ಆ ವರ್ಷದ ಚುನಾವಣೆಯಲ್ಲಿ ಫುಜಿಮೋರಿಯ ಪಕ್ಷಕ್ಕೆ ಸಂಸತ್ತಿನಲ್ಲಿ ಬಹುಮತ ದಕ್ಕದ ಕಾರಣಕ್ಕೆ.