ಮುಂದಕ್ಕೆ ಕಳಿಸಬ್ಯಾಡ್ರಿ, ಬರೆದು ಕೊಡ್ರಿ

ಸಂಜೆ ಏಳು ಗಂಟೆ. ಅಕ್ಷರ ಕೇಂದ್ರದಲ್ಲಿ ಪಾಠ ನಡೆದಿತ್ತು. ಒಬ್ಬ ತಾಯಿ ಹಿಂದೆ ಕುಳಿತಿದ್ದರು. ಪಾಟಿ ಮುಟ್ಟಿರಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ನಮ್ಮ ಹತ್ತಿರ ಬಂದರು. ಸೆರಗಿನಲ್ಲಿ ಮುಚ್ಚಿಟ್ಟಿದ್ದ ಮೊಬೈಲ್ ತೆಗೆದರು.

"ಅಕ್ಕಾರ, ನಮ್ಮ ಓಣಿ ಹುಡುಗೀದು ಫೋಟೋ ಬಂದೈತ್ರಿ. ಮೈಮ್ಯಾಲೆ ಅರಿವಿ ಇಲ್ಲ. ಮುಂದಿನ ತಿಂಗಳ ಆಕೀ ಮದುವಿ ಐತಿ. ಏನ್ ಮಾಡಬೇಕ್ರಿ?"

ನಾವು ಮೊದಲು ಒಂದೇ ಮಾತು ಕೇಳಿದೆವು. "ನೀವು ಯಾರಿಗಾದ್ರೂ ಕಳಿಸೀರೇನು?"

"ಇಲ್ರಿ. ನಮ್ಮ ತಂಗಿಗೆ ಒಬ್ಬಾಕಿಗೆ ಅಷ್ಟ. ಹಿಂಗ ಆಗೈತಿ ನೋಡು ಅಂತ ಹೇಳಾಕ."

ತಾಯಿಯ ಮನಸ್ಸು ಕೆಟ್ಟದ್ದಲ್ಲ. ಆದರೆ ಊರಿಗೆ ಊರೇ ಹೀಗೆ 'ಒಬ್ಬರಿಗೆ' ಕಳಿಸಿತ್ತು.

ಇಂತಹದು ನಮ್ಮ ರಾಜ್ಯದಲ್ಲೇ ದೊಡ್ಡದಾಗಿ ನಡೆಯಿತು. 2024ರ ಏಪ್ರಿಲ್ ತಿಂಗಳು. ಲೋಕಸಭೆ ಚುನಾವಣೆಯ ಸಮಯ. ಹಾಸನದಲ್ಲಿ ಪೆನ್‌ಡ್ರೈವ್‌ಗಳನ್ನು ಹಂಚಿದರು. ಅದರಲ್ಲಿ ಹೆಣ್ಣುಮಕ್ಕಳ ವಿಡಿಯೊಗಳಿದ್ದವು. ಅವರ ಮುಖವನ್ನೂ ಮರೆ ಮಾಡಿರಲಿಲ್ಲ. ಆಗ ಹಾಸನದ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಅವರ ಮೇಲೆ ಆರೋಪ ಬಂತು. ಸರ್ಕಾರ ವಿಶೇಷ ತನಿಖಾ ದಳ ಮಾಡಿತು. ಆ ದಳ ಜನರಿಗೂ ಎಚ್ಚರಿಕೆ ಕೊಟ್ಟಿತು: ಈ ವಿಡಿಯೊ ಇಟ್ಟುಕೊಂಡವರು, ಹಂಚಿದವರು ಕೂಡ ತಪ್ಪಿತಸ್ಥರು. ನಾವು ಆಗ ಪೇಪರು ಓದುತ್ತ ಯೋಚಿಸಿದೆವು. ತಪ್ಪು ಮಾಡಿದವನ ಹೆಸರು ಒಂದು. ಆದರೆ ಬೀದಿಗೆ ಬಂದ ಮುಖಗಳು ಎಷ್ಟು!

ಆದರೂ ಮನೆಗೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು ಧೈರ್ಯ ಮಾಡಿದರು. ದೂರು ಕೊಟ್ಟರು. ಅವರ ಹಳೆಯ ಸೀರೆಯೇ ಸಾಕ್ಷಿ ಆಯಿತು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಆ ಪ್ರಕರಣದಲ್ಲಿ ಪ್ರಜ್ವಲ್ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಈಗ ನಮ್ಮ ಊರಿಗೆ ಬರೋಣ. ಆ ತಾಯಿಯ ಜೊತೆ ನಾವು ಹುಡುಗಿಯ ಮನೆಗೆ ಹೋದೆವು. ಅಪ್ಪ ಫೋನು ಹಿಡಿದು ನಿಂತಿದ್ದರು. "ಇದನ್ನ ಒಲ್ಯಾಗ ಹಾಕ್ತೀನಿ" ಅಂದರು. ನಾವು ಕೈ ಹಿಡಿದೆವು. ಫೋನು ಸುಟ್ಟರೆ ಸಾಕ್ಷಿ ಸುಟ್ಟಂಗ. ಫೋಟೋ ಯಾರದೋ ಅವರು ತಮ್ಮ ಫೋನಿನಲ್ಲಿ ಬಂದದ್ದನ್ನು ಅಳಿಸಬಾರದು. ಯಾವ ನಂಬರಿನಿಂದ ಬಂತು? ಯಾವ ಗ್ರೂಪಿನಲ್ಲಿ ಬಂತು? ಯಾವ ದಿನ, ಎಷ್ಟು ಗಂಟೆಗೆ? ಬೆದರಿಕೆ ಹಾಕಿದ್ದರೆ ಯಾವ ಮಾತು? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಬೇಕು.

ಮಗುವಿನ ಚಿತ್ರವಾದರೆ ಕಾನೂನು ಇನ್ನೂ ಬಿಗಿ. ಅಂತಹದನ್ನು ಹುಡುಕಿ ನೋಡುವುದೂ ಅಪರಾಧ, ಕೂಡಿಡುವುದೂ ಅಪರಾಧ. ಪೊಲೀಸರಿಗೆ ತೋರಿಸುತ್ತೇನೆ ಎಂದು ನಕಲು ಮಾಡಬೇಡಿರಿ. ನಂಬರು ಬರೆದುಕೊಳ್ಳಿರಿ. ಕೂಡಲೇ ತಿಳಿಸಿರಿ. ಮಕ್ಕಳ ಸಹಾಯವಾಣಿ 1098.

"ಇದು ನನ್ನ ಮೈ ಅಲ್ರಿ ಅಕ್ಕಾರ, ಮುಖ ಅಷ್ಟ ನಂದು" ಎಂದು ಹುಡುಗಿ ಅತ್ತಳು. ಯಾರೋ ಮುಖ ಕೂಡಿಸಿದ್ದರು. ಅದು ಸುಳ್ಳು ಚಿತ್ರವಾದರೂ ದೂರು ಕೊಡಬಹುದು. 2021ರ ನಿಯಮ ಇದನ್ನು ಸ್ಪಷ್ಟವಾಗಿ ಹೇಳಿತು. ಇಂತಹ ಚಿತ್ರದ ಬಗ್ಗೆ ದೂರು ಬಂದರೆ ಕಂಪನಿ ಅದನ್ನು ತೆಗೆಯಬೇಕು. ನಿಯಮ ಬಂದಾಗ ಇಟ್ಟ ಗಡುವು 24 ತಾಸು.

ಚಿತ್ರ ನಿಜದ್ದಾದರೆ? ಆಗಲೂ ಹುಡುಗಿಯದು ತಪ್ಪಲ್ಲ. ಒಪ್ಪಿಗೆ ಇಲ್ಲದೆ ಒಬ್ಬರ ಗುಪ್ತ ಅಂಗದ ಚಿತ್ರ ತೆಗೆಯುವುದು, ಕಳಿಸುವುದು ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಲ್ಲಿ 3 ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ದೂರು ಎಲ್ಲಿ ಕೊಡಬೇಕು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಠಾಣೆಯಾದರೂ ಆದೀತು. "ಇದು ನಮ್ಮ ಹದ್ದಿನಾಗ ಬರೂದಿಲ್ಲ" ಎಂದು ಹಿಂದಕ್ಕೆ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಇದು ಬರೆದಿದೆ. ದೂರು ದಾಖಲಾದ ಮೇಲೆ ಅದರ ಪ್ರತಿ ಕೇಳಿ ಪಡೆಯಿರಿ. ಅದಕ್ಕೆ ರೊಕ್ಕ ಕೊಡಬೇಕಾಗಿಲ್ಲ. ದೂರು ತಗೊಳ್ಳದಿದ್ದರೆ ವಿಜಯಪುರದ ಎಸ್‌ಪಿ ಸಾಹೇಬರಿಗೆ ಅಂಚೆಯಲ್ಲಿ ಬರೆದು ಕಳಿಸಿರಿ.

ಠಾಣೆಗೆ ಹೋಗಲು ಅಂಜಿಕೆಯೇ? ಇನ್ನೊಂದು ದಾರಿ ಇದೆ. ಅದು ಹುಟ್ಟಿದ್ದೂ ಒಂದು ಪತ್ರದಿಂದ. ಬೆಂಗಳೂರಿನಲ್ಲಿ ಹುಟ್ಟಿದ ಸುನೀತಾ ಕೃಷ್ಣನ್ ಹೈದರಾಬಾದಿನಲ್ಲಿ ನೊಂದ ಹೆಣ್ಣುಮಕ್ಕಳಿಗಾಗಿ ಕೆಲಸ ಮಾಡುತ್ತಾರೆ. ಅತ್ಯಾಚಾರದ ವಿಡಿಯೊಗಳು ವಾಟ್ಸಾಪ್‌ನಲ್ಲಿ ಓಡಾಡುವುದು ಅವರಿಗೆ ತಿಳಿಯಿತು. 2015ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಆಗ ಆ ಸ್ಥಾನದಲ್ಲಿದ್ದವರು ನಮ್ಮ ಕರ್ನಾಟಕದ ಎಚ್.ಎಲ್. ದತ್ತು. ಕೋರ್ಟು ಆ ಪತ್ರವನ್ನೇ ಅರ್ಜಿ ಎಂದು ತಗೊಂಡಿತು. ಮುಂದೆ 2018ರಲ್ಲಿ ಕೇಂದ್ರ ಸರ್ಕಾರ ದೂರಿನ ಜಾಲತಾಣ ತೆರೆಯಿತು. ಅದರ ವಿಳಾಸ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್. ಹೆಂಗಸರ, ಮಕ್ಕಳ ವಿಷಯದಲ್ಲಿ ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಆದರೆ ಹೆಸರು ಕೊಡದಿದ್ದರೆ ದೂರು ಎಲ್ಲಿಗೆ ಬಂತು ಎಂದು ನಂತರ ಕೇಳಲು ಆಗುವುದಿಲ್ಲ. ಆದ್ದರಿಂದ ಹೆಸರು ಕೊಡುವುದೇ ಮೇಲು ಎಂಬುದು ನಮ್ಮ ಅನಿಸಿಕೆ.

ಇನ್ನೊಂದು ಮಾತು. ಮನುಷ್ಯರಿಗೆ ಹೆಬ್ಬೆಟ್ಟಿನ ಗುರುತು ಇರುವಂತೆ ಫೋಟೋಕ್ಕೂ ಒಂದು ಗುರುತು ತೆಗೆಯಬಹುದು. ಸ್ಟಾಪ್ ಎನ್‌ಸಿಐಐ ಎಂಬ ಜಾಲತಾಣ ಈ ಕೆಲಸ ಮಾಡುತ್ತದೆ. ಫೋಟೋ ನಿಮ್ಮ ಫೋನಿನಲ್ಲೇ ಉಳಿಯುತ್ತದೆ. ಅದರ ಗುರುತು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮುಂತಾದವಕ್ಕೆ ಹೋಗುತ್ತದೆ. ಆ ಗುರುತಿನ ಫೋಟೋ ಅಲ್ಲಿ ಬಂದರೆ ಅವರು ತಡೆಯಬಹುದು. 18 ವರ್ಷ ತುಂಬಿದವರಿಗೆ ಮಾತ್ರ ಇದು. ಎಲ್ಲ ಕಂಪನಿಗಳೂ ಇದರಲ್ಲಿ ಸೇರಿಲ್ಲ.

ಆ ರಾತ್ರಿ ಹುಡುಗಿ ತಾನೇ ದೂರು ಬರೆದಳು. ಆ ತಾಯಿ ತಂಗಿಗೆ ಫೋನ್ ಹಚ್ಚಿದರು. "ಯಾರಿಗೂ ಕಳಿಸಬ್ಯಾಡ" ಅಂದರು. ಆಮೇಲೆ ದೂರಿನ ಕೆಳಗೆ, ತಿಳಿದವರು ಎಂದು ತಮ್ಮ ಹೆಸರು ಬರೆದರು. ಕೈ ನಡುಗಿತು. ಒತ್ತಕ್ಷರ ತಪ್ಪಿತು. ತಿದ್ದಿ ಬರೆದರು.

ನೀವೂ ಬರೆದು ನೋಡಿರಿ. ಖಾಲಿ ಜಾಗ ತುಂಬಿರಿ.

ಪೊಲೀಸ್ ಠಾಣಾಧಿಕಾರಿಗಳಿಗೆ, ________ ಠಾಣೆ.
ನನ್ನ ಹೆಸರು ________. ಊರು ________.
ದಿನಾಂಕ ________ ರಂದು ________ ಗಂಟೆಗೆ ________ ನಂಬರಿನಿಂದ ನನ್ನ ಒಪ್ಪಿಗೆ ಇಲ್ಲದ ಚಿತ್ರ ಹಂಚಿದ್ದಾರೆ.
ಆ ಚಿತ್ರ ತೆಗೆಸಬೇಕು. ಹಂಚಿದವರ ಮೇಲೆ ಕ್ರಮ ಕೈಗೊಳ್ಳಬೇಕು.
ಸಹಿ ________