ನಿಜ ಹೊರಬರುವ ಮೊದಲೇ ಕ್ಷಮಿಸೋದು ಹೇಗೆ?

ಆದಿಕಾಂಡ 39ನೇ ಅಧ್ಯಾಯ ತೆರೆಯಿರಿ. ಮೊಬೈಲ್‌ನಲ್ಲಿ ಓದುವವರು ಸ್ವಲ್ಪ ಹೊತ್ತು ವಾಟ್ಸಾಪ್ ಪಕ್ಕಕ್ಕಿಡಿ.

ಯೋಸೇಫನು ಪೋಟೀಫರನ ಮನೆಯಲ್ಲಿ ನಂಬಿಗಸ್ತನಾಗಿ ಕೆಲಸ ಮಾಡುತ್ತಿದ್ದನು. ಯಜಮಾನನ ಹೆಂಡತಿ ಪಾಪಕ್ಕೆ ಕರೆದಾಗ ಓಡಿಹೋದ. ಬಟ್ಟೆ ಮಾತ್ರ ಅವಳ ಕೈಯಲ್ಲಿ ಉಳೀತು. ಅದನ್ನೇ ಅವಳು ಸಾಕ್ಷಿಯಾಗಿ ತೋರಿಸಿದಳು. ಗಮನಿಸಿ, ಬಟ್ಟೆ ನಿಜವಾಗಿಯೂ ಅವನದೇ. ಕಥೆ ಸುಳ್ಳು. ಇವತ್ತು ಅರ್ಧ ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕ್ತಾರಲ್ಲ, ಹಾಗೇನೇ. ಯೋಸೇಫನನ್ನು ಯಾರಾದರೂ ವಿಚಾರಿಸಿದರು ಅಂತ ಅಲ್ಲಿ ಬರೆದಿಲ್ಲ. ನೇರವಾಗಿ ಸೆರೆಮನೆ.

ಸೇವೆಗೆ ಬರುವ ಮೊದಲು ನಾನು ಒಂದು ಆಫೀಸಿನಲ್ಲಿ ಲೆಕ್ಕ ನೋಡ್ತಿದ್ದೆ. ಒಂದು ಸಂಜೆ ಕ್ಯಾಶ್‌ನಲ್ಲಿ 8,000 ರೂಪಾಯಿ ಕಡಿಮೆ ಬಂತು. "ಬೀಗದ ಕೈ ಇವನ ಹತ್ರಾನೇ ಇತ್ತು ಸಾರ್" ಅಂದ ಜೊತೆಯವನು. ಬೀಗದ ಕೈ ನನ್ನ ಹತ್ರ ಇದ್ದದ್ದು ನಿಜ. ಹಣ ನಾನು ಮುಟ್ಟಿರಲಿಲ್ಲ. ಆದರೂ ಸಂಬಳದಲ್ಲಿ ಹಿಡಿದುಕೊಂಡರು. ಬಸ್ಸಿನಲ್ಲಿ ಬರುವಾಗ ಮನಸ್ಸಲ್ಲೇ ದಿನಾ ಅವನ ಜೊತೆ ವಾದ ಮಾಡ್ತಿದ್ದೆ. ಪ್ರತಿ ಸಲ ನಾನೇ ಗೆಲ್ತಿದ್ದೆ. ಮನೆಗೆ ಬಂದು ಮೊಣಕಾಲೂರಿದರೆ ಮಾತ್ರ ಪ್ರಾರ್ಥನೆಯೇ ಬರ್ತಿರಲಿಲ್ಲ.

ಆಗ ಕರ್ತನು ಈ ಯೋಸೇಫನ ಮೂಲಕ ನನ್ನ ಜೊತೆ ಮಾತಾಡಿದನು.

ಮೊದಲನೆಯದು, ಕ್ಷಮಿಸುವುದು ಅಂದರೆ ಸುಳ್ಳನ್ನು ಒಪ್ಪಿಕೊಳ್ಳುವುದಲ್ಲ. 40ನೇ ಅಧ್ಯಾಯ 15ನೇ ವಚನ ನೋಡಿ. ಸೆರೆಮನೆಯಲ್ಲಿ ಪಾನದಾಯಕನಿಗೆ ಯೋಸೇಫನು ಸ್ಪಷ್ಟವಾಗಿ ಹೇಳ್ತಾನೆ: ಇಲ್ಲಿ ಹಾಕುವಂಥ ತಪ್ಪು ನಾನು ಮಾಡಿಲ್ಲ ಅಂತ. ಆದರೆ ಅಣ್ಣಂದಿರ ಹೆಸರು ಎತ್ತಲಿಲ್ಲ, ಆ ಹೆಂಗಸಿನ ಹೆಸರೂ ಎತ್ತಲಿಲ್ಲ. ತನ್ನ ಬಗ್ಗೆ ಸತ್ಯ ಹೇಳಿದ, ಅವರ ಮಾನ ಹರಾಜು ಹಾಕಲಿಲ್ಲ. ಅಪೊಸ್ತಲನಾದ ಪೌಲನೂ ಸುಳ್ಳು ಆರೋಪ ಬಂದಾಗ ಕೈಸರನಿಗೇ ಅಪೀಲು ಮಾಡಿಕೊಂಡನು. ಆದ್ದರಿಂದ ಆಫೀಸಿನಲ್ಲೋ ಕಾಲೇಜಿನಲ್ಲೋ ನಿಮ್ಮ ಮೇಲೆ ವಿಚಾರಣೆ ನಡೀತಿದ್ದರೆ ಹೋಗಿ, ಸತ್ಯ ಹೇಳಿ, ದಾಖಲೆ ಕೊಡಿ. ಅದು ಪಾಪ ಅಲ್ಲ.

ಎರಡನೆಯದು, ಅವರು ಬಂದು ಸಾರಿ ಕೇಳಲಿ ಅಂತ ಕಾಯಬೇಡಿ. ಪೋಟೀಫರನ ಹೆಂಡತಿ ತಪ್ಪೊಪ್ಪಿಕೊಂಡಳು ಅಂತ ಸತ್ಯವೇದದಲ್ಲಿ ಎಲ್ಲೂ ಇಲ್ಲ. 17 ವರ್ಷದ ಹುಡುಗನಾಗಿದ್ದ ಯೋಸೇಫನು ಫರೋಹನ ಮುಂದೆ ನಿಂತಾಗ 30 ವರ್ಷದವನು. ಅಧಿಕಾರ ಕೈಗೆ ಬಂದ ಮೇಲೂ ಅವಳ ಮೇಲೆ ಸೇಡು ತೀರಿಸಿಕೊಂಡ ಅಂತ ಒಂದು ಮಾತೂ ಬರೆದಿಲ್ಲ. ಮೊದಲ ಮಗನಿಗೆ ಮನಸ್ಸೆ ಅಂತ ಹೆಸರಿಟ್ಟ. ದೇವರು ನನ್ನ ಕಷ್ಟವನ್ನು ಮರೆಯುವಂತೆ ಮಾಡಿದನು ಎಂಬ ಅರ್ಥದಲ್ಲಿ. ಆ ಮಗು ಹುಟ್ಟಿದ್ದು ಬರಗಾಲಕ್ಕೆ ಮುಂಚೆ, ಅಂದರೆ ಅಣ್ಣಂದಿರು ಬಂದು ಅಡ್ಡಬೀಳುವುದಕ್ಕೂ ಮುಂಚೆ! ಯಾರೂ ಕ್ಷಮೆ ಕೇಳುವ ಮೊದಲೇ ದೇವರು ಅವನ ಗಾಯವನ್ನು ಮುಟ್ಟಿದ್ದನು. ಹಲ್ಲೆಲೂಯ!

ನೋವು ಪೂರ್ತಿ ಹೋಯ್ತಾ? ಇಲ್ಲ. ಅಣ್ಣಂದಿರನ್ನು ನೋಡಿದಾಗ ಅತ್ತ, ತಂದೆ ತೀರಿಹೋದ ಮೇಲೆ ಅವರು ಹೆದರಿ ಹೇಳಿಕಳಿಸಿದಾಗಲೂ ಅತ್ತ. ಅತ್ತರೂ, ತಾನು ದೇವರ ಸ್ಥಾನದಲ್ಲಿ ಇಲ್ಲ ಎಂದು ಅವರಿಗೆ ಹೇಳಿದನು. ನ್ಯಾಯಾಧಿಪತಿಯ ಕುರ್ಚಿ ನನ್ನದಲ್ಲ ಅಂತ ಎದ್ದುಬರುವುದೇ ಕ್ಷಮೆ, ದೇವಮಕ್ಕಳೇ. ನಮ್ಮ ಕರ್ತನ ಮೇಲೂ ಸುಳ್ಳು ಸಾಕ್ಷಿ ಹೇಳಿದರು. ಆತನು ನ್ಯಾಯವಾಗಿ ತೀರ್ಪು ಕೊಡುವ ತಂದೆಗೆ ತನ್ನನ್ನು ಒಪ್ಪಿಸಿ, ಶಿಲುಬೆಯ ಮೇಲಿಂದಲೇ ಅವರಿಗಾಗಿ ಪ್ರಾರ್ಥಿಸಿದನು.

ಆ 8,000 ಎಲ್ಲಿ ಹೋಯ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಒಂದು ರಾತ್ರಿ ಆ ಜೊತೆಯವನ ಹೆಸರು ಹಿಡಿದು, "ಕರ್ತನೇ, ಇವನನ್ನು ಆಶೀರ್ವದಿಸು" ಅಂದೆ. ಗಂಟಲು ಕಟ್ಟಿತು. ಮಾರನೇ ದಿನ ಮತ್ತೆ ಅಂದೆ. ಸುಮಾರು ದಿನ ಆದ ಮೇಲೆ ಬಸ್ಸಿನಲ್ಲಿ ವಾದ ನಿಂತಿತ್ತು.

ಈಗ ನಿಮ್ಮ ಮನಸ್ಸಿಗೆ ಒಬ್ಬರ ಹೆಸರು ಬಂದಿರಬಹುದು. ಈ ವಾರ ದಿನಾ ಆ ಹೆಸರು ಹೇಳಿ ಪ್ರಾರ್ಥಿಸಿ. ಭಾವನೆ ಬರದಿದ್ದರೂ ಪರವಾಗಿಲ್ಲ, ಪವಿತ್ರಾತ್ಮನು ಸಹಾಯ ಮಾಡುವನು. ಕಣ್ಣು ಮುಚ್ಚೋಣ. ತಂದೆಯೇ, ಸುಳ್ಳಿನಿಂದ ಗಾಯಗೊಂಡ ಈ ಯೌವನಸ್ಥರನ್ನು ಮುಟ್ಟು. ನ್ಯಾಯವನ್ನು ನಿನ್ನ ಕೈಗೆ ಬಿಡುವ ಬಲವನ್ನು ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.