ದುಡಿದ ದೇಹಕ್ಕೂ ಕಸರತ್ತು ಬೇಕು

ಪ್ರಶ್ನೆ: ನಮ್ಮ ಅವ್ವಗ 68 ವರ್ಷ. ಖಾನಾಪುರದ ಹತ್ತಿರದ ಹಳ್ಳಿಯಾಗ ಒಬ್ಬಾಕಿನ ಇರ್ತಾಳ. ಮೊದಲು ಹಂಚಿನ ಕಾರ್ಖಾನಿಯಾಗ ದುಡೀತಿದ್ಲು. ಈಗ ಮೊಣಕಾಲು ನೋವು, ಬೀಳ್ತೀನೇನೋ ಅನ್ನೋ ಅಂಜಿಕಿ, ಕುಂತಲ್ಲೇ ಕುಂತಿರ್ತಾಳ. ನಾನು ಬೆಳಗಾವಿಯಾಗ ಮನೆಗೆಲಸ ಮಾಡ್ತೀನಿ. ಇಲ್ಲಿ ವ್ಯಾಕ್ಸಿನ್ ಡಿಪೋ ಮೈದಾನದಾಗ ಹಿರಿಯರು ವಾಕಿಂಗ್ ಮಾಡೋದು ಹೇಳಿದ್ರ, ‘ಜೀವಮಾನ ದುಡಿದೀನಿ, ಇನ್ನೇನು ಕಸರತ್ತು? ಅದು ರೊಕ್ಕ ಇದ್ದವರದು’ ಅಂತಾಳ. ಏನು ಮಾಡಲಿ?
— ಓದುಗರು, ಬೆಳಗಾವಿ

ಉತ್ತರ: ಸಹೋದರಿ, ಅವ್ವ ದುಡಿದದ್ದು ನಿಜ, ಆ ಮಾತಿಗೆ ಎದುರಾಡಬೇಡಿ. ಆದರೆ ಹೊರೆ ಹೊತ್ತ ದುಡಿಮೆ ಕೀಲುಗಳನ್ನು ಸವೆಸಿರುತ್ತದೆ; ಈಗ ಕುಳಿತೇ ಇದ್ದರೆ ತೊಡೆಯ ಶಕ್ತಿಯೂ ಕುಂದುತ್ತದೆ. ಶಕ್ತಿ ಕುಂದಿದಷ್ಟೂ ಬೀಳುವ ಭಯ, ಭಯದಿಂದ ಮತ್ತಷ್ಟು ಕೂರುವುದು. ಇದನ್ನು ತಪ್ಪಿಸಲು ಬೂಟು, ಜಿಮ್ ಯಾವುದೂ ಬೇಡ.

ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಬಿಪಿ, ಶುಗರ್ ನೋಡಿಸಿ. ಮೊಣಕಾಲನ್ನು ಖಾನಾಪುರದ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ಫಿಜಿಯೋಥೆರಪಿ ಬೇಕೇ ಎಂದೂ ಕೇಳಿ. ಬೆಳಗಾವಿಗೆ ಬರಬೇಕಾದರೂ ಬಸ್ಸಿನ ಖರ್ಚಿಲ್ಲ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಉಚಿತ.

ವೈದ್ಯರು ಒಪ್ಪಿದರೆ ಮನೆಯಲ್ಲೇ ಶುರು ಮಾಡಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ನಿಧಾನವಾಗಿ ಐದು ಸಲ ಎದ್ದು ಕೂರಲಿ. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ಇಳಿಸಲಿ. ಗೋಡೆಗೆ ಕೈ ಊರಿ, ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ನಡೆಯಲಿ. ಮೈ ಒಗ್ಗಿದಂತೆ ಹೆಚ್ಚಿಸಿ. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವಂತೆ ನಡಿಗೆಯಂಥ ಚಟುವಟಿಕೆಯಲ್ಲಿ ತೊಡಗಬೇಕು, ಮೂರು ದಿನವಾದರೂ ಶಕ್ತಿ-ಸಮತೋಲನದ ಕಸರತ್ತು ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಮುಟ್ಟಬೇಕಾದ ಗುರಿ. ಮೊದಲ ದಿನದ ಲೆಕ್ಕವಲ್ಲ. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಿ. ನಿಮ್ಮ ಕಡೆ ಮಳೆಗಾಲದಲ್ಲಿ ಅಂಗಳ ಜಾರುತ್ತದೆ. ಆಗ ಪಡಸಾಲೆಯೇ ಸಾಕು.

ರೊಟ್ಟಿ, ಅನ್ನದ ಜೊತೆ ಮಡಕಿ ಕಾಳು, ಹೆಸರುಕಾಳು, ಶೇಂಗಾ, ತಿನ್ನುವವರಾದರೆ ಮೊಟ್ಟೆಯೂ ಇರಲಿ. ಕಾಲಿಗೆ ಬಲ ಬರಲು ಕಸರತ್ತಿನಷ್ಟೇ ಊಟವೂ ಮುಖ್ಯ.

ಒಬ್ಬರೇ ಮಾಡಿದರೆ ಬೇಗ ಬೇಸರ ಬರುತ್ತದೆ. ಸ್ವಸಹಾಯ ಸಂಘದ ಹೆಂಗಸರು ಗುಡಿಯ ಮುಂದೆ ಹೇಗೂ ಸೇರುತ್ತಾರೆ. ಕನ್ನಡದವರಿರಲಿ, ಮರಾಠಿಯವರಿರಲಿ, ಓರಗೆಯ ನಾಲ್ವರು ಕೂಡಿದರೆ ನಗುವವರ ಭಯವೂ ಇರುವುದಿಲ್ಲ. ಕೂರಲು ಬೆಂಚು, ಮೆಟ್ಟಿಲಿಗೆ ಹಿಡಿಕೆ ಕೊಡಿ ಎಂದು ಅವರೇ ಗ್ರಾಮಸಭೆಯಲ್ಲಿ ಕೇಳಲಿ. ಹಿರಿಯರಿಗೆ ಮಾಹಿತಿ, ನೆರವು ಬೇಕಾದರೆ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಗಟ್ಟಿಯಾಗಿ ಬಾಳುವುದು ರೊಕ್ಕ ಇದ್ದವರ ಸೊತ್ತಲ್ಲ. ನಾಡಿಗಾಗಿ ದುಡಿದವರ ಹಕ್ಕು. ಮುಂದಿನ ರಜೆಗೆ ಊರಿಗೆ ಹೋದಾಗ ಬರೀ ಹೇಳಿ ಬರಬೇಡಿ. ಅವ್ವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೀವೂ ಮಾಡಿ.